ಮಾತ್ರೆಗಳ ಲ.ಸಾ.ಅ.

ನನ್ನ ಬಿ.ಪಿ. ಮಾತ್ರೆ ಒಂದು ಸ್ಟ್ರಿಪ್ಪಿಗೆ 14. ಕೊಲೆಸ್ಟ್ರಾಲಿನದು 15. ಗ್ಯಾಸ್ಟ್ರಿಕ್ಕಿನದು 10. ಶುಗರಿನದು 20, ದಿನಕ್ಕೆ ಎರಡು ನುಂಗಬೇಕಾದ್ದರಿಂದ ಅದೂ ಹತ್ತೇ ದಿನದ್ದು. ನನ್ನಾಕೆಯ ಥೈರಾಯ್ಡ್ ಮಾತ್ರೆ ಬರುವುದು 100ರ ಬಾಟಲಿಯಲ್ಲಿ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ಈ ಅಂಕಿಗಳನ್ನು ನೋಡಿ ಸುಮ್ಮನಿರುವುದು ಹೇಗೆ? 14 ನಿಮಿಷಕ್ಕೊಮ್ಮೆ ಒಂದು ಗಂಟೆ ಹೊಡೆದು, 15 ನಿಮಿಷಕ್ಕೊಮ್ಮೆ ಇನ್ನೊಂದು ಹೊಡೆದರೆ ಎರಡೂ ಒಟ್ಟಿಗೆ ಹೊಡೆಯುವುದು ಯಾವಾಗ ಎಂದು ಮಕ್ಕಳನ್ನು ಗೋಳು ಹೊಯ್ದುಕೊಂಡವನು ನಾನು. 'ಈ ಲ.ಸಾ.ಅ. ಮುಂದೆ ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್?' ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ್ದ. ಕಿವಿ ಹಿಂಡಿ ಕೂರಿಸಿದ್ದೆ. ಉತ್ತರ ನನಗೆ ಹೊಳೆದದ್ದು ಎಪ್ಪತ್ತನೇ ವಯಸ್ಸಿನಲ್ಲಿ. ನನ್ನ ನಾಲ್ಕೂ ಮಾತ್ರೆ ಒಂದೇ ದಿನ ಮುಗಿಯಬೇಕಾದರೆ 210 ದಿನ ಬೇಕು. ಅವಳ ಬಾಟಲಿಯನ್ನೂ ಸೇರಿಸಿಕೊಂಡರೆ 2100 ದಿನ, ಹತ್ತಿರ ಹತ್ತಿರ 5 ವರ್ಷ 9 ತಿಂಗಳು.

"ಇಬ್ಬರದೂ ಒಟ್ಟಿಗೇ ಮುಗಿಯೋದು ಅಂದ್ರೆ ಏನರ್ಥ ಗೊತ್ತೇನ್ರೀ?" ಎಂದಳು ಇವಳು, ಹುರುಳಿಕಾಯಿ ನಾರು ತೆಗೆಯುತ್ತ. ಆಮೇಲೆ ತಾನೇ ಹೆದರಿ, "ಬಿಡ್ತು ಅನ್ನಿ" ಎಂದಳು. ಬಿಡ್ತು ಅಂದೆ.

ಈ ಲೆಕ್ಕ ನನ್ನ ತಲೆಗೇರಿದ್ದೇ ಮೂಲೆಯ ಮೆಡಿಕಲ್ ಸ್ಟೋರ್ ಮುಚ್ಚಿದ ಮೇಲೆ. ಮೈಸೂರಿನ ಸರಸ್ವತಿಪುರದ ನಮ್ಮ ರಸ್ತೆಯ ಕೊನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದ ಅಂಗಡಿ ಅದು. ಅಲ್ಲಿಗೆ ಚೀಟಿ ಬೇಕಿರಲಿಲ್ಲ. ಡಾಕ್ಟರು ಲೆಟರ್‌ಹೆಡ್ಡಿನಲ್ಲಿ ಏನೇ ಗೀಚಲಿ, ನಮ್ಮ ದೇಶದ ನಿಜವಾದ ಪ್ರಿಸ್ಕ್ರಿಪ್ಷನ್ ಖಾಲಿ ಸ್ಟ್ರಿಪ್ಪೇ. ಅದನ್ನು ಗಾಜಿನ ಮೇಲಿಟ್ಟರೆ ಸಾಕು, ಸಂಜೆಯೊಳಗೆ ಅಂಗಡಿಯ ಹುಡುಗ ಸೈಕಲ್ಲಿನಲ್ಲಿ ತಂದು ಗೇಟಿಗೆ ಸಿಕ್ಕಿಸಿ ಬೆಲ್ ಹೊಡೆದು ಹೋಗುತ್ತಿದ್ದ. ಲಾಕ್‌ಡೌನ್ ಬಂತಲ್ಲ, ಔಷಧವನ್ನು ಮನೆ ಬಾಗಿಲಿಗೆ ತಲುಪಿಸಬಹುದೆಂದು 2020ರ ಮಾರ್ಚ್ 26ರಂದು ಕೇಂದ್ರ ಸರ್ಕಾರ ಅಪ್ಪಣೆ ಕೊಟ್ಟಿತು. ಪೇಪರಿನಲ್ಲಿ ಅದನ್ನು ಓದಿ ಅಂಗಡಿಯವರು ಮಾಸ್ಕಿನೊಳಗೇ ನಕ್ಕರು. "ಮೇಷ್ಟ್ರೇ, ಇಷ್ಟು ದಿನ ಹುಡುಗ ಮಾಡ್ತಿದ್ದದ್ದು ಏನು ಹಾಗಾದ್ರೆ?"

ಅವರದು ಎಲ್ಲವೂ ಚಿನ್ನವಾಗಿತ್ತೆಂದು ಹೇಳಲಾರೆ. ಅವರ ಗಂಟಲು ದೊಡ್ಡದು. ಒಮ್ಮೆ ನನ್ನ ಹಳೆಯ ವಿದ್ಯಾರ್ಥಿ, ಈಗ ಇಂಜಿನಿಯರು, ಹೆಂಡತಿಯ ಜೊತೆ ಅಲ್ಲಿ ನಿಂತಿದ್ದಾಗಲೇ, "ಮೇಷ್ಟ್ರೇ, ಆ ಹೊಸ ಪುಡಿ ಹಾಕಿದ ಮೇಲೆ ಬೆಳಿಗ್ಗೆ ಸಲೀಸಾಗಿ ಆಗ್ತಿದೆಯಾ?" ಎಂದು ರಸ್ತೆಗೆಲ್ಲ ಕೇಳುವಂತೆ ವಿಚಾರಿಸಿದರು. ಇನ್ನು ಅವರ ಕತ್ತರಿ. ಸ್ಟ್ರಿಪ್ಪನ್ನು ಕತ್ತರಿಸಿ ಕೊಟ್ಟರೆ ಎಕ್ಸ್‌ಪೈರಿ ತಾರೀಖು ಯಾವಾಗಲೂ ಅಂಗಡಿಯಲ್ಲೇ ಉಳಿದ ತುಂಡಿನಲ್ಲಿ ಇರುತ್ತಿತ್ತು. ಇದರ ಮೇಲೆ ನಾನು ಎಷ್ಟೋ ಸಲ ಭಾಷಣ ಬಿಗಿದಿದ್ದೆ. ಅಂಗಡಿ ಮುಚ್ಚುವ ವಾರ ಅವರು ನಮ್ಮನೆಯ ಮಾತ್ರೆಗಳನ್ನೆಲ್ಲ ತರಿಸಿಕೊಂಡು ಎಣಿಸಿ, ಇದಕ್ಕೆ ನಾಲ್ಕು, ಅದಕ್ಕೆ ಆರು ಎಂದು ಕತ್ತರಿಸಿ ಕೊಟ್ಟರು. "ಮಾರ್ಚ್ ಆರನೇ ತಾರೀಖು ರಾತ್ರಿಗೆ ಎಲ್ಲಾ ಸಮ ಆಗುತ್ತೆ. ಮುಂದಿನವರು ಯಾರೋ ಏನೋ." ಇಪ್ಪತ್ತೆರಡು ವರ್ಷ ನಮ್ಮ ಮನೆಯ ಮಾತ್ರೆಗಳು ತಿಂಗಳ ಕೊನೆಗೆ ಒಟ್ಟಿಗೇ ಮುಗಿಯುತ್ತಿದ್ದದ್ದು ತಾನಾಗಿ ಅಲ್ಲ, ಆ ಕತ್ತರಿಯಿಂದ ಎಂದು ಅವತ್ತು ತಿಳಿಯಿತು. ಅವರನ್ನು ಮಗ ಬೆಂಗಳೂರಿಗೆ ಕರೆದುಕೊಂಡು ಹೋದ. ಆ ಜಾಗದಲ್ಲಿ ಈಗ ಮೊಮೊ ಮಾರುತ್ತಾರೆ. ಆ ಕಡೆ ಹೋದಾಗಲೆಲ್ಲ ನನ್ನ ಕೈ ಜೇಬಿನಲ್ಲಿ ಖಾಲಿ ಸ್ಟ್ರಿಪ್ ತಡಕುತ್ತದೆ.

ಮಾರ್ಚ್ 7, 2025ರ ಬೆಳಿಗ್ಗೆ ಎಲ್ಲ ಹೊಸ ಸ್ಟ್ರಿಪ್‌ಗಳನ್ನು ಒಡೆದೆವು. ಅಲ್ಲಿಂದ ಶುರುವಾಯಿತು ನಮ್ಮ ಹುಡುಕಾಟ.

ಮಗಳು ಇಂಗ್ಲೆಂಡಿನ ಲೀಡ್ಸಿನಲ್ಲಿದ್ದಾಳೆ. ಅಲ್ಲಿ ಬಹುಕಾಲದ ಕಾಯಿಲೆಯವರಿಗೆ ರಿಪೀಟ್ ಪ್ರಿಸ್ಕ್ರಿಪ್ಷನ್ ಎಂಬ ಏರ್ಪಾಡಿದೆಯಂತೆ. ಡಾಕ್ಟರು ಒಮ್ಮೆ ಒಪ್ಪಿದರೆ ಪ್ರತಿ ಸಲವೂ ಅವರ ಮುಖ ನೋಡಬೇಕಾಗಿಲ್ಲ, 60 ದಾಟಿದವರಿಗೆ ಔಷಧಕ್ಕೆ ದುಡ್ಡೂ ಇಲ್ಲ. "ಹಾಗಾದ್ರೆ ನಾವೇ ಅಲ್ಲಿಗೆ ಹೋಗಿ ನುಂಗಿ ಬರೋಣ್ವಾ?" ಎಂದಳು ಇವಳು. ಮಗಳು ಅದಕ್ಕೆ ಉತ್ತರ ಕೊಡದೆ ಅಲ್ಲಿಂದಲೇ ನಮಗೊಂದು ಆ್ಯಪ್ ಗೊತ್ತುಮಾಡಿದಳು. ತನ್ನ ನಂಬರನ್ನೇ ಕೊಟ್ಟಿದ್ದಳು. ಹೀಗಾಗಿ ನಮ್ಮ ಗೇಟಿನ ಮುಂದೆ ಬೆಳಿಗ್ಗೆ ಒಂಬತ್ತಕ್ಕೆ ನಿಂತವನಿಗೆ ಬೇಕಾದ ಓ.ಟಿ.ಪಿ. ಲೀಡ್ಸಿನಲ್ಲಿ ನಸುಕಿನ ನಾಲ್ಕೂವರೆಗೆ ಸದ್ದು ಮಾಡುತ್ತಿತ್ತು. ಮಗಳು ನಿದ್ದೆಗಣ್ಣಿನಲ್ಲಿ ನಾಲ್ಕು ಅಂಕಿ ಹೇಳುವವರೆಗೆ ಅಪ್ಪನ ಶುಗರ್ ಮಾತ್ರೆ ಗೇಟಿನ ಆಚೆಯೇ.

ಆ ಆ್ಯಪ್ಪಿನವರು ಚೀಟಿ ಹಳೆಯದಾಯಿತು ಎಂದರು. ಫೋನಿನಲ್ಲಿ ಹಿಂದಿ ಮಾತಾಡುವ ಒಬ್ಬಾಕೆ ಇವಳ ವಯಸ್ಸು 66 ಎಂದು ಬರೆದುಕೊಂಡು, ಮರುಗಳಿಗೆಯಲ್ಲೇ ಗರ್ಭಿಣಿಯೇ ಎಂದು ಕೇಳಿದಳು. ಇವಳು ಆ ಸಂಜೆಯೆಲ್ಲ ಬಹಳ ಗೆಲುವಾಗಿದ್ದಳು. ನಾನು ಮಾತ್ರ ಮೇಷ್ಟ್ರ ಬುದ್ಧಿಯಿಂದ ಕಾನೂನು ಹುಡುಕಲು ಹೋದೆ. 1945ರ ಔಷಧ ನಿಯಮಗಳಲ್ಲಿ 65ನೆಯದು ಸ್ಪಷ್ಟವಾಗಿದೆ: ಎಚ್ ಶೆಡ್ಯೂಲಿನ ಔಷಧವನ್ನು ಒಂದು ಚೀಟಿಗೆ ಒಂದೇ ಸಲ ಕೊಡತಕ್ಕದ್ದು, ಮತ್ತೆ ಕೊಡಬಹುದೆಂದು ವೈದ್ಯರೇ ಬರೆದಿದ್ದರೆ ಮಾತು ಬೇರೆ. ಅಂದರೆ ಇಪ್ಪತ್ತೆರಡು ವರ್ಷ ನಾನು ಖಾಲಿ ಸ್ಟ್ರಿಪ್ ಹಿಡಿದು ನಡೆಸಿದ್ದು ಕಳ್ಳ ವ್ಯವಹಾರ. ಮುಂದಿನ ಸಲ ಡಾಕ್ಟರ ಹತ್ತಿರ, "ಮತ್ತೆ ಮತ್ತೆ ಕೊಡಬಹುದು ಅಂತ ಬರೆದುಕೊಡಿ ಸಾರ್" ಎಂದು ಕೇಳಿದೆ. ಅವರು ನನ್ನ ರಿಪೋರ್ಟು ನೋಡಿ, ಚೀಟಿಯ ನಡುವೆ ಮೂರಕ್ಷರ ಬರೆದರು: ಸಿ.ಎಸ್.ಟಿ. ನನಗೆ ಗೊತ್ತಿದ್ದ ಸಿ.ಎಸ್.ಟಿ. ಮುಂಬಯಿಯ ರೈಲು ನಿಲ್ದಾಣ ಮಾತ್ರ. "ಕಂಟಿನ್ಯೂ ಸೇಮ್ ಟ್ರೀಟ್‌ಮೆಂಟ್. ಅದೇ ಮುಂದುವರಿಸಿ" ಎಂದರು. ಕೆಳಗೆ ಆರು ತಿಂಗಳು ಎಂದೂ ಬರೆದರು. ಈ ವಯಸ್ಸಿನಲ್ಲಿ ಡಾಕ್ಟರ ಬಾಯಿಂದ ಅದಕ್ಕಿಂತ ಸಿಹಿಯಾದ ಮಾತು ಇನ್ನೊಂದಿಲ್ಲ. ಮನೆಗೆ ಬರುವಾಗ ಕಾಲು ಕೆ.ಜಿ. ಮೈಸೂರು ಪಾಕ್ ಕಟ್ಟಿಸಿಕೊಂಡು ಬಂದೆ. ಇವಳು ಅದನ್ನು ಮನೆ ಕೆಲಸದವಳ ಮಕ್ಕಳಿಗೆ ಕೊಟ್ಟಳು.

ಎರಡನೆಯ ಸೇವೆಯವರು ಡಿಸ್ಕೌಂಟಿನಲ್ಲಿ ಧಾರಾಳಿಗಳು, ನೆನಪಿಸುವುದರಲ್ಲಿ ಇನ್ನೂ ಧಾರಾಳಿಗಳು. ದಿನಕ್ಕೆ ಮೂರು ಸಲ ಮೆಸೇಜು. ಆದರೆ ಇವಳ ಇನ್ಸುಲಿನ್ ಬಂದ ದಿನ ನಾವು ಮದುವೆ ಮನೆಯಲ್ಲಿದ್ದೆವು. ಫೋನ್ ಬಂತು: "ಮೀಟರ್ ಬೋರ್ಡ್ ಮೇಲೆ ಇಟ್ಟಿದೀನಿ ಸಾರ್." ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಅದು ಏಪ್ರಿಲ್ ತಿಂಗಳು, ನಮ್ಮ ಮೀಟರ್ ಬೋರ್ಡು ಪಶ್ಚಿಮಕ್ಕೆ. ಹಪ್ಪಳವನ್ನು ನಾವು ಒಣಗಿಸುವುದೂ ಅಲ್ಲೇ. ಧಾರೆಗೆ ಮುಂಚೆ ಆಟೊ ಹತ್ತಿ ಬಂದು ನೋಡಿದರೆ ಪೊಟ್ಟಣದೊಳಗಿನ ನೀಲಿ ಜೆಲ್ ಚೀಲ ಬೆಚ್ಚಗಿನ ಪಾಯಸದ ಹಾಗಿತ್ತು. ಔಷಧ ಎಸೆದೆವು. ಜೆಲ್ ಚೀಲವನ್ನು ಇವಳು ಎಸೆಯಲಿಲ್ಲ. ಅಲ್ಲಿಂದೀಚೆಗೆ ಬಂದ ಯಾವುದನ್ನೂ ಎಸೆದಿಲ್ಲ. ನಮ್ಮ ಫ್ರೀಜರಿನಲ್ಲಿ ಈಗ ಐಸ್‌ಕ್ರೀಮಿಗೆ ಜಾಗವಿಲ್ಲ, ರಸ್ತೆಯವರಿಗೆಲ್ಲ ಮಂಡಿ ನೋವಿಗೆ ಹಂಚುವಷ್ಟು ನೀಲಿ ಚೀಲಗಳಿವೆ.

ನಾನು ಹೀಗೆ ಕೂಗಾಡುವಾಗಲೆಲ್ಲ ಇವಳು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುತ್ತಾಳೆ: "ನಿಮ್ಮಜ್ಜಿಗೆ ಔಷಧ ತಂದ ಕತೆ ಮರೆತುಬಿಟ್ರಾ?"

ಮರೆಯುವುದು ಹೇಗೆ? ಆಗ ನನಗೆ ಹತ್ತು ವರ್ಷ. ಹುಣಸೂರಿನ ಕಡೆಯ ನಮ್ಮ ಹಳ್ಳಿಯಿಂದ ಸರ್ಕಾರಿ ಡಿಸ್ಪೆನ್ಸರಿಗೆ ಮೂರು ಮೈಲಿ. ಬಾಟಲಿ ನಾವೇ ಒಯ್ಯಬೇಕು. ಕಾಂಪೌಂಡರು ಅದಕ್ಕೆ ಗುಲಾಬಿ ಬಣ್ಣದ ಮಿಕ್ಸ್ಚರ್ ಸುರಿದು, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸುತ್ತಿದ್ದರು. ಒಂದು ಹಲ್ಲಿಗೆ ಒಂದು ಡೋಸು. ಸಿಹಿ, ಖಾರ, ಗಮ್ಮೆನ್ನುವ ವಾಸನೆ. ಅವತ್ತು ದಾರಿಯ ಊರಿನಲ್ಲಿ ಮೂರು ಹಗಲು ಮೂರು ರಾತ್ರಿ ಸೈಕಲ್ಲಿನಿಂದ ಇಳಿಯದೆ ಸುತ್ತು ಹಾಕುವ ಒಬ್ಬ ಬಂದಿದ್ದ. ಸೈಕಲ್ಲಿನ ಮೇಲೇ ಸ್ನಾನ, ಸೈಕಲ್ಲಿನ ಮೇಲೇ ಊಟ. ಅವನು ಊಟ ಮಾಡುವುದನ್ನು ನೋಡುತ್ತ ನಿಂತವನಿಗೆ ಹಸಿವಾಯಿತು. ಒಂದು ಹಲ್ಲು ಕುಡಿದೆ. ಅವನು ಮೀಸೆ ತಿರುವುವುದನ್ನು ನೋಡುತ್ತ ಇನ್ನೊಂದು. ಕತ್ತಲಾದ ಮೇಲೆ ಕಾಲುವೆಯ ನೀರು ತುಂಬಿಸಿ ಹಲ್ಲಿನ ಲೆಕ್ಕ ಸರಿಮಾಡಿ ಮನೆಗೆ ಹೋದೆ. ಅಜ್ಜಿ ಎರಡು ದಿನ ಕುಡಿದು, "ಈ ಸಲದ ಔಷಧಿ ಚೆನ್ನಾಗಿ ಹಿಡೀತು ಕಣೋ" ಎಂದರು. ಬಹುಶಃ ನನ್ನ ಮೊದಲ ಲೆಕ್ಕ ಅದೇ.

ಈಗಿನ ಲೆಕ್ಕಕ್ಕೆ ಬರುತ್ತೇನೆ. ಮಾರ್ಚ್ 7ರಿಂದ 210ನೇ ದಿನ ಯಾವುದೆಂದು ಕ್ಯಾಲೆಂಡರಿನಲ್ಲಿ ಎಣಿಸಿದರೆ ಅಕ್ಟೋಬರ್ 2, ಸಾಕ್ಷಾತ್ ವಿಜಯದಶಮಿ! ನನ್ನ ನಾಲ್ಕೂ ಮಾತ್ರೆ ಆ ರಾತ್ರಿಗೆ ಒಟ್ಟಿಗೆ ಮುಗಿಯುತ್ತವೆ. ಅಷ್ಟು ಹೊತ್ತಿಗೆ ನಾವು ಮೂರನೆಯ ಸೇವೆಯವರಿಗೆ ಬಂದಿದ್ದೆವು. ಅದೇ ದಿನ ತಂದುಕೊಡುತ್ತೇವೆ ಎನ್ನುವವರು. ಒಂದು ವಾರ ಮುಂಚೆಯೇ ತರಿಸಬಹುದಿತ್ತು, ನಿಜ. ಆದರೆ ಸೆಪ್ಟೆಂಬರ್ 22ರಿಂದ, ನವರಾತ್ರಿಯ ಮೊದಲ ದಿನದಿಂದಲೇ, ಔಷಧದ ಜಿ.ಎಸ್.ಟಿ. ಶೇ 12ರಿಂದ ಶೇ 5ಕ್ಕೆ ಇಳಿದಿತ್ತು. ಹೊಸ ಬೆಲೆ ಅಂಗಡಿಗಳಿಗೆ ಇಳಿಯಲಿ ಎಂದು ಕಾಯ್ದೆ. ಅದು ನೆಪ. ಒಳಗಿನ ಕಾರಣ, ಹಿಂದೊಂದು ಮುಂದೊಂದು ಉಳಿಯದೆ ಲೆಕ್ಕ ನಿಶ್ಶೇಷವಾಗಿ ಬಿಡುವುದನ್ನು ಕಣ್ಣಾರೆ ನೋಡುವ ಚಪಲ.

ವಿಜಯದಶಮಿಯ ದಿನ ಬೆಳಿಗ್ಗೆ ಆರ್ಡರ್ ಮಾಡಿದೆ. ಔಷಧ ಬನ್ನಿಮಂಟಪದ ಕಡೆಯ ಗೋದಾಮಿನಿಂದ ಹೊರಟಿತು. ಮೈಸೂರಿನವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಅಂಬಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುವ ದಿನ ನನ್ನ ಮಾತ್ರೆ ಬನ್ನಿಮಂಟಪದಿಂದ ಈ ಕಡೆಗೆ ಬರಬೇಕು. ಎಲ್ಲ ದಾರಿಗೂ ಬ್ಯಾರಿಕೇಡು. ಟಿ.ವಿ.ಯಲ್ಲಿ ಜಂಬೂ ಸವಾರಿ, ಮೊಬೈಲಿನಲ್ಲಿ ಡೆಲಿವರಿಯವನ ಪುಟ್ಟ ಬೈಕಿನ ಚಿತ್ರ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಬೈಕು ಸ್ವಲ್ಪ ದೂರ ಬಂದು ಒಂದು ಕಡೆ ನಿಂತುಬಿಟ್ಟಿತು. ಆನೆ ಮುಂದೆ ಮುಂದೆ ಹೋಯಿತು. 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಐದು ಕಿಲೋಮೀಟರ್ ದಾಟಿ ಬನ್ನಿಮಂಟಪ ಮುಟ್ಟಿತು. ಅಂಗೈಯಗಲದ ನನ್ನ ಪೊಟ್ಟಣ ಮನೆ ಮುಟ್ಟಲಿಲ್ಲ. ರಾತ್ರಿ ಒಂಬತ್ತಕ್ಕೆ ಮೊಬೈಲು ವಿಷಾದ ಸೂಚಿಸಿತು.

ಊಟವಾಗಿ ಕೊಲೆಸ್ಟ್ರಾಲಿನ ಕೊನೆಯ ಮಾತ್ರೆ ನುಂಗಿದೆ. ಮೇಜಿನ ಮೇಲೆ ನಾಲ್ಕು ಖಾಲಿ ಸ್ಟ್ರಿಪ್. ಶೇಷ ಸೊನ್ನೆ. ಲೆಕ್ಕ ಕೂಡಿಬಂದ ಹೆಮ್ಮೆ ಅರ್ಧ ನಿಮಿಷ ಇತ್ತು. ಆಮೇಲೆ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ನಾಳೆ ಬೆಳಿಗ್ಗೆ ಎದ್ದರೆ ನುಂಗಲು ಏನೂ ಇಲ್ಲದ ಮನೆ. ಹಬ್ಬದ ರಾತ್ರಿ, ಹತ್ತಿರದ ಅಂಗಡಿಗಳೆಲ್ಲ ಬಾಗಿಲು ಹಾಕಿವೆ.

ಇವಳು ಪಟ್ಟದ ಗೊಂಬೆಗಳನ್ನು ಮಲಗಿಸುತ್ತಿದ್ದಳು. ನನ್ನ ಮುಖ ನೋಡಿದಳು, ಮೇಜು ನೋಡಿದಳು. ಗೊಂಬೆ ಮೆಟ್ಟಿಲಿಗೆ ಹೊದಿಸಿದ್ದ ಬಿಳಿ ಪಂಚೆಯನ್ನು ಎತ್ತಿ, ಕೊನೆಯ ಮೆಟ್ಟಿಲ ಹಲಗೆಗೆ ಆಧಾರವಾಗಿದ್ದ ಹಳೆಯ ಬಿಸ್ಕತ್ತಿನ ಡಬ್ಬವನ್ನು ಎಳೆದಳು. ಹಲಗೆಯ ಮೇಲಿದ್ದ ಶೆಟ್ಟಿ ದಂಪತಿ ಸ್ವಲ್ಪ ವಾಲಿದರು. ಡಬ್ಬದೊಳಗೆ ನನ್ನ ನಾಲ್ಕೂ ಮಾತ್ರೆಯ ಒಂದೊಂದು ತುಂಬಿದ ಸ್ಟ್ರಿಪ್, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದು.

"ಎಲ್ಲಿಂದ ಬಂತೇ ಇದು?"

"ನೀವು ಕಸದ ಬುಟ್ಟಿಗೆ ಹಾಕ್ತೀರಲ್ಲ ಖಾಲಿ ಸ್ಟ್ರಿಪ್, ಅದನ್ನ ಹಿಡ್ಕೊಂಡು ಹೋಗಿ ತಂದೆ. ದೇವಸ್ಥಾನದಿಂದ ಬರೋ ದಾರೀಲಿ ಒಂದು ಚಿಕ್ಕ ಅಂಗಡಿ ಇದೆ."

"ಚೀಟಿ ಕೇಳಲಿಲ್ವಾ?"

"ಕೇಳಿದ್ರು. ಮೇಷ್ಟ್ರ ಮನೆಯವಳು ಅಂದೆ."

65ನೇ ನಿಯಮವನ್ನು ಆ ಹೊತ್ತಿನಲ್ಲಿ ಎತ್ತುವ ಧೈರ್ಯ ನನಗಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಗೇಟಿನ ಬಳಿ ಒಬ್ಬ ಹುಡುಗ. ಹೊಸಬ, ತೆಳ್ಳಗೆ, ಮೀಸೆ ಈಗಷ್ಟೇ ಚಿಗುರಿದ್ದು. "ಸರ್, ಗುಳಗಿ ತಂದೀನ್ರಿ." ರಾಯಚೂರಿನ ಕಡೆಯವನು, ಇಲ್ಲಿಗೆ ಓದಲು ಬಂದಿದ್ದಾನೆ. ಮಾತ್ರೆಯನ್ನು ಗುಳಗಿ ಎಂದವನನ್ನು ಕೇಳಿ ಬಹಳ ವರ್ಷವಾಗಿತ್ತು. ನಾನು ಬೆಳಗಿನಿಂದ ತಯಾರಿಸಿಟ್ಟುಕೊಂಡಿದ್ದ ಬೈಗುಳದ ಮೊದಲ ಸಾಲು ತೆಗೆದೆ.

"ರಸ್ತೆ ಎಲ್ಲಾ ಬಂದ್ ಇತ್ರೀ ಸರ್" ಎಂದ. ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸಿದ. "ಖರೇ ಹೇಳ್ಬೇಕಂದ್ರ, ಆಮ್ಯಾಲ ಬಿಟ್ಟಿದ್ರು. ನಾನೇ ಆನಿ ನೋಡ್ಕೊಂತ ನಿಂತ್ಬಿಟ್ಟೆ. ಟಿ.ವಿ.ಯಾಗ ಅಷ್ಟ ನೋಡಿದ್ದೆ ರೀ."

ನನಗೆ ಸೈಕಲ್ಲಿನ ಮೇಲೆ ಮೀಸೆ ತಿರುವುತ್ತಿದ್ದವನು ಕಂಡ.

"ಅಂಬಾರಿ ಚೆನ್ನಾಗಿ ಕಾಣಿಸಿತೇನಪ್ಪಾ?"

"ಭಾಳ ಛಲೋ ಕಾಣಿಸ್ತ್ರೀ."

ಒಳಗಿನಿಂದ ಇವಳು ಹಬ್ಬದ ಒಬ್ಬಟ್ಟು ತಂದು ಅವನ ಕೈಗಿಟ್ಟಳು. ಹೋಗುವಾಗ ಐದು ಸ್ಟಾರ್ ಒತ್ತಿ ಅಂತ ಕೇಳಿಕೊಂಡ. ನಾನು ಕನ್ನಡಕ ಹುಡುಕಿ ಒತ್ತಿದೆ. ನಮ್ಮಜ್ಜಿಯೂ ನನಗೆ ಅಷ್ಟೇ ಕೊಟ್ಟಿದ್ದರು.

ಆಮೇಲೆ ಹೊಸ ಪೊಟ್ಟಣ ಬಿಚ್ಚಿ, ಡಬ್ಬದ ಸ್ಟ್ರಿಪ್ಪಿನಲ್ಲಿ ಉಳಿದದ್ದು ಎಷ್ಟು, ಹೊಸದು ಎಷ್ಟು, ಮುಂದಿನ ಲ.ಸಾ.ಅ. ದಿನ ಯಾವುದು ಎಂದು ಹಳೆಯ ಲಗ್ನಪತ್ರಿಕೆಯ ಬೆನ್ನಿನ ಮೇಲೆ ಬರೆಯತೊಡಗಿದೆ. ಇವಳು ಬಂದು, ಹೊಸದರಲ್ಲಿ ಪ್ರತಿಯೊಂದರಿಂದ ಒಂದೊಂದು ಸ್ಟ್ರಿಪ್ ಎತ್ತಿಕೊಂಡು ರಬ್ಬರ್ ಬ್ಯಾಂಡ್ ಹಾಕಿದಳು. ಡಬ್ಬದ ಮುಚ್ಚಳ ಒತ್ತಿದಳು.

"ಇದನ್ನ ನಿಮ್ಮ ಲೆಕ್ಕಕ್ಕೆ ಹಿಡೀಬೇಡಿ."