ನ್ಯೂಟನ್ನನ ಮನೆಯ ಗೋಡೆ

ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆಗೆ ನಾನೂ ನಾಟಿಂಗ್‌ಹ್ಯಾಮಿಗೆ ಹೋಗಿದ್ದೆ. ಬಾಣಂತನದ ಮನೆಯಲ್ಲಿ ಗಂಡಸಿಗೇನು ಕೆಲಸ? ನನ್ನ ಚಡಪಡಿಕೆ ನೋಡಲಾರದೆ ಅಳಿಯಂದಿರು ಒಂದು ಭಾನುವಾರ, "ಬರ್ರಿ ಮಾವಾ, ನ್ಯೂಟನ್ನನ ಮನಿ ನೋಡಿ ಬರೋಣು" ಎಂದು ಕಾರು ಹೊರಡಿಸಿದರು.

ಲಿಂಕನ್‌ಶೈರಿನ ಗ್ರ್ಯಾಂಥಮ್ ಪಟ್ಟಣದ ದಕ್ಷಿಣಕ್ಕೆ ವುಲ್ಸ್‌ಥಾರ್ಪ್ ಎಂಬ ಸಣ್ಣ ಹಳ್ಳಿ. ಮನೆಯ ಹೆಸರು ವುಲ್ಸ್‌ಥಾರ್ಪ್ ಮ್ಯಾನರ್. ದೊಡ್ಡ ವಾಡೆಯನ್ನೇ ಕಾಣುವೆನೆಂದುಕೊಂಡಿದ್ದ ನನಗೆ ಕಂಡದ್ದು ಅಪ್ಪಟ ಒಕ್ಕಲುತನದ ಮನೆ. 17ನೆಯ ಶತಮಾನದ ಮೊದಲ ಭಾಗದ್ದು. ಕುರಿ ಸಾಕಿ ಹೊಲ ಮಾಡಿಕೊಂಡಿದ್ದವರದು. ಇಂಗ್ಲಿಷಿನ 'ಟಿ' ಅಕ್ಷರದ ಆಕಾರ, ಆ ಸೀಮೆಯದೇ ಮಾಸಲು ಬಣ್ಣದ ಸುಣ್ಣಕಲ್ಲಿನ ಗೋಡೆಗಳು, ಇಳಿಜಾರು ಚಾವಣಿ, ಅದರ ಮೇಲೆ ಹೊಗೆಗೂಡುಗಳು. ಕಿಟಕಿಗಳ ನಡುವೆ ಕಲ್ಲಿನವೇ ಸಣ್ಣ ಕಂಬಗಳು. ನಾವು ಬಿಸಿಲನ್ನು ಹೊರಗಿಡಲು ದಪ್ಪ ಗೋಡೆ ಕಟ್ಟುತ್ತೇವೆ. ಅವರು ಅಗ್ಗಿಷ್ಟಿಕೆಯ ಬಿಸಿಯನ್ನು ಒಳಗೆ ಉಳಿಸಿಕೊಳ್ಳಲು ಕಟ್ಟಿದ್ದಾರೆ, ಅಷ್ಟೆ. ಬಾಗಿಲ ಮೇಲೆ, ನಮ್ಮಲ್ಲಿ ಗಜಲಕ್ಷ್ಮಿ ಕೂಡುವ ಜಾಗದಲ್ಲಿ, ಮನೆತನದ ಲಾಂಛನವೆಂದು ಒಂದರ ಮೇಲೊಂದು ಅಡ್ಡವಿಟ್ಟ ಎರಡು ಮೂಳೆಗಳ ಕೆತ್ತನೆ! ಸಂಜೆ ಇದನ್ನು ಕೇಳಿದ ನನ್ನ ಹೆಂಡತಿ "ಶಿವ ಶಿವಾ" ಎಂದಳು.

ತಂದೆ ತೀರಿದ ಮೂರು ತಿಂಗಳಿಗೆ, ಆಗಿನ ಅಲ್ಲಿಯ ಪಂಚಾಂಗದಂತೆ 1642ರ ಕ್ರಿಸ್‌ಮಸ್ ದಿನ, ನ್ಯೂಟನ್ ಹುಟ್ಟಿದ್ದು ಈ ಮನೆಯಲ್ಲಿ. 1665ರಲ್ಲಿ ಪ್ಲೇಗಿಗೆ ಹೆದರಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುಚ್ಚಿದಾಗ ಆತ ಮರಳಿ ಬಂದದ್ದೂ ಇಲ್ಲಿಗೇ. ಕೆಳಗಿನ ಅಂಕಣದ ಅಗ್ಗಿಷ್ಟಿಕೆಯ ಪಕ್ಕ, ಗೋಡೆಯಲ್ಲಿ ಗೀರಿದ ಗಾಳಿಗಿರಣಿಯ ಚಿತ್ರವೊಂದು 2017ರಲ್ಲಿ ಪತ್ತೆಯಾಯಿತು. ಬಾಲಕ ನ್ಯೂಟನ್ನನೇ ಗೀರಿರಬೇಕೆಂದು ಊಹೆ.

ಬಂದವರೆಲ್ಲ ತೋಟದ ಸೇಬಿನ ಮರದತ್ತ ನಡೆದರು. 1820ರಲ್ಲಿ ಬಿರುಗಾಳಿಗೆ ಉರುಳಿ ಮತ್ತೆ ಬೇರುಬಿಟ್ಟ ಮರವದು. ನಾನು ಮಾತ್ರ ಗೋಡೆಗೆ ಕೈಯಿಟ್ಟು ನಿಂತಿದ್ದೆ. ಮನೆ ತೋರಿಸುತ್ತಿದ್ದ ಮುದುಕಿಯೊಬ್ಬರು ಹತ್ತಿರ ಬಂದು ಹೇಳಿದರು: "ಇಂಥ ಗೋಡೆಗೆ ಸುಣ್ಣದ ಗಾರೆಯೇ ಬೇಕು. ಗಾರೆ ಕಲ್ಲಿಗಿಂತ ಮೆತ್ತಗಿದ್ದರೆ ಗೋಡೆ ಕುಡಿದ ನೀರು ಸಂದಿಯಿಂದ ಆರಿಹೋಗುತ್ತದೆ. ಸಿಮೆಂಟು ಬಳಿದರೆ ನೀರು ಒಳಗೇ ಸಿಕ್ಕಿಬೀಳುತ್ತದೆ, ಕಲ್ಲೇ ಪುಡಿಯಾಗುತ್ತದೆ."

ನಾನು ಕೈ ತೆಗೆದುಕೊಂಡೆ.

ಬಾದಾಮಿಯ ಹತ್ತಿರ ನಮ್ಮ ಅಜ್ಜ ಕಟ್ಟಿಸಿದ ಕೆಂಪು ಕಲ್ಲಿನ ಮನೆಯಿದೆ. ಹನ್ನೆರಡು ವರ್ಷದ ಕೆಳಗೆ ಪುಣೆಯಿಂದ ದುಡ್ಡು ಕಳಿಸಿ ಅದನ್ನು 'ಪಕ್ಕಾ' ಮಾಡಿಸಿದವನು ನಾನೇ. ಊರಿನ ಮುದಿ ಗೌಂಡಿ "ಸುಣ್ಣದ ಗಚ್ಚು ಸಾಕ್ರೀ ಸಾಹೇಬ್ರ" ಎಂದಿದ್ದ. ಕೇಳಲಿಲ್ಲ, ಒಳಗೂ ಹೊರಗೂ ಸಿಮೆಂಟು ಬಳಿಸಿದೆ. ಮರುವರ್ಷದ ಮಳೆಗಾಲಕ್ಕೆ ಅವ್ವನ ಕೋಣೆಯಲ್ಲಿ ತೇವ ಮೊಣಕಾಲೆತ್ತರ ಏರಿತಂತೆ. ಟ್ರಂಕಿನಲ್ಲಿದ್ದ ಇಳಕಲ್ ಸೀರೆಗಳಿಗೆ ಬೂಷ್ಟು ಬಂತಂತೆ. ಅವ್ವ ನನಗೆ ಒಂದು ಮಾತೂ ಹೇಳಲಿಲ್ಲ. ಹಾಸಿಗೆಯನ್ನು ಪಡಸಾಲೆಗೆ ಹಾಕಿಕೊಂಡು, ಫೋನಿನಲ್ಲಿ "ಇಲ್ಲಿ ಗಾಳಿ ಛಲೋ ಬರತೈತಿ" ಎಂದಳು. ಕೊನೆಯುಸಿರೆಳೆದದ್ದೂ ಆ ಪಡಸಾಲೆಯಲ್ಲೇ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ತಮ್ಮನ ಹೆಂಡತಿಯಿಂದ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆ ಗೌಂಡಿಯ ಮಗನನ್ನು ಕರೆಸಿದೆ. ಅವ್ವನ ಕೋಣೆಯ ಒಂದು ಗೋಡೆಯ ಸಿಮೆಂಟು ಕೀಳಿಸಿದ್ದೇವೆ. ಒಳಗಿನ ಕಲ್ಲು ಇನ್ನೂ ಹಸಿಯಾಗಿತ್ತು. "ಒಂದು ಬ್ಯಾಸಿಗಿ ಒಣಗಲಿರಿ, ಆಮ್ಯಾಗ ಸುಣ್ಣ ಹಚ್ಚೋಣ" ಎಂದ. ಕಾಯುತ್ತಿದ್ದೇನೆ.