ಆಡದೆ ಬಂದ ಕಂಚು

2016ರ ರಿಯೊ ಒಲಿಂಪಿಕ್ಸ್‌ನ ಬ್ಯಾಡ್ಮಿಂಟನ್ ಸೆಮಿಫೈನಲ್‌ನಲ್ಲಿ ಪಿ.ವಿ. ಸಿಂಧುವಿಗೆ ಸೋತ ಜಪಾನಿನ ನೊಜೊಮಿ ಒಕುಹರಾ, ಕಂಚಿಗಾಗಿ ಚೀನಾದ ಲಿ ಶುಯೆರುಯಿಯನ್ನು ಎದುರಿಸಬೇಕಿತ್ತು. ಲಂಡನ್‌ನಲ್ಲಿ ಚಿನ್ನ ಗೆದ್ದಿದ್ದ ಲಿ ಮೊಣಕಾಲಿನ ಗಾಯದಿಂದ ಕಣಕ್ಕಿಳಿಯಲೇ ಇಲ್ಲ. ಪದಕ ಆಡದೆಯೇ ಒಕುಹರಾಗೆ ಸಂದಿತು. ಆ ಗಾಯದ ನೋವು ಆಕೆಗೆ ಅಪರಿಚಿತವಲ್ಲ. 2012ರಲ್ಲಿ ವಿಶ್ವ ಜೂನಿಯರ್ ಪ್ರಶಸ್ತಿ ಗೆದ್ದ ಬಳಿಕ ಆಕೆಯ ಎರಡೂ ಮೊಣಕಾಲುಗಳು ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದವು.

ಒಕುಹರಾ ಎತ್ತರದ ಆಟಗಾರ್ತಿಯಲ್ಲ. ಮೇಲಿನಿಂದ ಎರಗುವ ಹೊಡೆತಕ್ಕಿಂತ ಷಟಲ್ ನೆಲ ಮುಟ್ಟಗೊಡದ ಹಟವೇ ಆಕೆಯ ಬಲ. ಆ ಹಟದ ಭಾರವನ್ನೆಲ್ಲ ಹೊರಬೇಕಾದುದು ಮೊಣಕಾಲುಗಳೇ! 2017ರ ಗ್ಲಾಸ್ಗೊ ವಿಶ್ವ ಚಾಂಪಿಯನ್‌ಷಿಪ್ ಫೈನಲ್ 110 ನಿಮಿಷ ನಡೆಯಿತು. ಎರಡನೆಯ ಗೇಮಿನ ಕೊನೆಯ ಅಂಕಕ್ಕೆ 73 ಹೊಡೆತಗಳು; ಅದು ಸಿಂಧುವಿನದಾಯಿತು. ಬಳಲಿದ್ದ ಇಬ್ಬರಲ್ಲಿ ಮೂರನೆಯ ಗೇಮನ್ನು 22–20ರಿಂದ ಗೆದ್ದು ಚಿನ್ನ ಪಡೆದವಳು ಒಕುಹರಾ. ಎರಡು ವರ್ಷಗಳ ಬಳಿಕ ಬಾಸೆಲ್ ಫೈನಲ್‌ನಲ್ಲಿ ಅದೇ ಸಿಂಧು ಎದುರು 21–7, 21–7ರ ಸೋಲು. 2021ರಲ್ಲಿ ಮತ್ತೆ ಆಲ್ ಇಂಗ್ಲೆಂಡ್ ಕಿರೀಟ. ಅದೇ ವರ್ಷ ತವರಿನ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್‌ಫೈನಲ್‌ನಲ್ಲೇ ನಿರ್ಗಮನ. ಅನಂತರ ಗಾಯಗಳು ಮರುಕಳಿಸಿದವು.

ಅಂಗಣಕ್ಕೆ ಕಾಲಿಡುವ ಮುನ್ನ, ರಂಗವೇರುವ ಕಲಾವಿದೆಯಂತೆ, ಅದಕ್ಕೆ ಬಾಗಿ ನಮಿಸುವುದು ಆಕೆಯ ರೂಢಿ.