ತಾಯಿ ಪಟ್ಟಿ, ಮಕ್ಕಳ ಪಟ್ಟಿ

ನಮ್ಮ ಸಂಘದ ಸದಸ್ಯರ ದಫ್ತರವನ್ನು ಕಂಪ್ಯೂಟರಿಗೆ ಏರಿಸಿದ ದಿನ ನಾವು ನಾಲ್ವರು ಕಾರ್ಯಕರ್ತರು ದೊಡ್ಡ ಘನಕಾರ್ಯ ಮಾಡಿದೆವೆಂದು ಬೀಗಿದ್ದೆವು. ಮಾಡಿದ್ದು ಎರಡು ಪಟ್ಟಿ. ಒಂದರಲ್ಲಿ ಮನೆಯ ಯಜಮಾನರ ಹೆಸರು, ವಿಳಾಸ, ಸದಸ್ಯ ಸಂಖ್ಯೆ. ಇನ್ನೊಂದರಲ್ಲಿ ಅವರ ಹೆಂಡತಿ, ಮಕ್ಕಳ ಹೆಸರುಗಳು, ಪ್ರತಿಯೊಂದರ ಮುಂದೆ ಅದೇ ಸಂಖ್ಯೆ. ಬಲ್ಲವರು ಇವನ್ನು ಪೇರೆಂಟ್ ಟೇಬಲ್, ಚೈಲ್ಡ್ ಟೇಬಲ್ ಎನ್ನುತ್ತಾರೆ. ನಾವು ತಾಯಿ ಪಟ್ಟಿ, ಮಕ್ಕಳ ಪಟ್ಟಿ ಎಂದೆವು. ಪಟ್ಟಿಗಳನ್ನು ಹೀಗೆ ಪರಸ್ಪರ ಬೆಸೆಯುವ ವಿಚಾರವನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಕಾಡ್ ಎಂಬವರು ಲೋಕದ ಮುಂದಿಟ್ಟರು.

ತಾಯಿಗಾದ ಬದಲಾವಣೆ ಮಕ್ಕಳಿಗೂ ತಾನಾಗಿ ಹರಿಯಲಿ ಎಂದು ನಾವು ಕಟ್ಟಳೆ ಹಾಕಿದ್ದೆವು. ಇದಕ್ಕೆ ಕ್ಯಾಸ್ಕೇಡ್ ಎಂದು ಹೆಸರು; ಮೆಟ್ಟಿಲು ಮೆಟ್ಟಿಲಾಗಿ ಧುಮುಕುವ ಝರಿ. ಅದರಿಂದ ಅನುಕೂಲವೇ ಆಯಿತು. ಸದಸ್ಯ ಸಂಖ್ಯೆಗಳನ್ನು ಹೊಸದಾಗಿ ಕೊಟ್ಟಾಗ ಮೇಲೆ ಒಂದು ಕಡೆ ತಿದ್ದಿದೆವು, ಕೆಳಗೆ ಐದು ಕಡೆ ತಾನೇ ತಿದ್ದಿಕೊಂಡಿತು.

ಆಮೇಲೆ ನಮ್ಮ ಹಿರಿಯರೊಬ್ಬರು ತೀರಿಕೊಂಡರು. ಭಾರವಾದ ಮನಸ್ಸಿನಿಂದ ಅವರ ಹೆಸರನ್ನು ತೆಗೆದೆವು. ರಾಜ್ಯೋತ್ಸವ ಮುಗಿದ ವಾರ ಅವರ ಪತ್ನಿ ಫೋನ್ ಮಾಡಿದರು: "ಅವರು ಹೋದ ಮೇಲೆ ನಾವು ಸಂಘದವರಲ್ಲವೇನಪ್ಪಾ? ಕರೆಯೋಲೆಯೂ ಇಲ್ಲ, ಪತ್ರಿಕೆಯೂ ಇಲ್ಲ."

ಓಡಿಹೋಗಿ ನೋಡಿದೆವು. ಯಜಮಾನರೊಂದಿಗೆ ಆ ತಾಯಿ, ಇಬ್ಬರು ಗಂಡುಮಕ್ಕಳು, ಮಗಳು ಎಲ್ಲರೂ ಅಳಿಸಿಹೋಗಿದ್ದರು! ಯಂತ್ರದ ತಪ್ಪೇನಿಲ್ಲ, ನಾವು ಹೇಳಿದ್ದನ್ನೇ ಮಾಡಿತ್ತು.

ತಾಯಿ ಸಾಲನ್ನು ಅಳಿಸುವಾಗ ಏನಾಗಬೇಕೆಂದು 1992ರ ಎಸ್‌ಕ್ಯುಎಲ್ ನಿಯಮಾವಳಿ ನಾಲ್ಕು ದಾರಿ ಕೊಡುತ್ತದೆ: ಮಕ್ಕಳನ್ನೂ ಅಳಿಸುವುದು, ಅವರ ಮುಂದಿನ ಸಂಖ್ಯೆಯನ್ನು ಖಾಲಿ ಬಿಡುವುದು, ಮೊದಲೇ ಗೊತ್ತುಮಾಡಿದ ಸಂಖ್ಯೆಯನ್ನು ತುಂಬುವುದು, ಇಲ್ಲವೇ ಮಕ್ಕಳಿರುವ ತನಕ ಅಳಿಸಲು ಒಪ್ಪದಿರುವುದು. ನಾವು ಯೋಚಿಸದೆ ಮೊದಲನೆಯದನ್ನು ಹಿಡಿದಿದ್ದೆವು. ಈಗ ಸಂಖ್ಯೆಯ ತಿದ್ದುಪಡಿ ಮಾತ್ರ ಕೆಳಗೆ ಹರಿಯುತ್ತದೆ. ಅಳಿಸಲು ಹೋದರೆ ಕಂಪ್ಯೂಟರು ಕೈ ಹಿಡಿಯುತ್ತದೆ. ತಾಯಿ ಪಟ್ಟಿಯಲ್ಲಿ ಈಗ ಯಜಮಾನರಿಲ್ಲ, ಮನೆಯಿದೆ. ಯಜಮಾನರೂ ಉಳಿದವರೊಡನೆ ಮಕ್ಕಳ ಪಟ್ಟಿಗೇ ಇಳಿದಿದ್ದಾರೆ. ಅಗಲಿದವರ ಹೆಸರನ್ನು ತೆಗೆಯುವುದಿಲ್ಲ, ಮುಂದೆ ದಿನಾಂಕ ಬರೆಯುತ್ತೇವೆ.

ಹಿಂದಿನ ತಿಂಗಳ ಪ್ರತಿಯಿಂದ ಅಳಿದ ಹೆಸರುಗಳನ್ನೆಲ್ಲ ಮರಳಿ ತಂದು, ಬಾಕಿ ಸಂಚಿಕೆಗಳನ್ನು ಹಿಡಿದು ಅವರ ಮನೆಗೆ ಹೋದೆವು. ಆಕೆ ಕಾಫಿ ಕೊಟ್ಟು, ಲಕೋಟೆಯ ಮೇಲಿನ ತಮ್ಮ ಹೆಸರನ್ನು ಎರಡು ಸಲ ಓದಿದರು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇಂಥ ಪಟ್ಟಿಯಲ್ಲೊಂದು ಸಾಲು ಎಂದರೆ ಎಷ್ಟು ಎಂಬುದು ನಮಗೆ ಅಂದು ತಿಳಿಯಿತು.